ಸರಪಳಿ ಹಿಡಿಯದೆ ದಾರಿ ಅಳೆದದ್ದು ಹೇಗೆ?

ಹಳೆಯ ನಕ್ಷೆಗಳ ಬಗ್ಗೆ ನಾನು ಎಲ್ಲಿ ಮಾತನಾಡಿದರೂ ಕೊನೆಗೆ ಯಾರಾದರೊಬ್ಬರು ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ. "ಬ್ರಿಟಿಷ್ ಅಧಿಕಾರಿಗಳು ವೇಷ ಮರೆಸಿಕೊಂಡು ಹೋಗಿ ಪರದೇಶದ ದಾರಿಗಳನ್ನು ಸರ್ವೆ ಮಾಡಿದರು ಎನ್ನುತ್ತೀರಿ. ನಮ್ಮೂರಿನಲ್ಲಿ ಒಂದು ಎಕರೆ ಹೊಲ ಅಳೆಯಬೇಕಾದರೂ ಸರಪಳಿ ಎಳೆಯಬೇಕು, ಕಲ್ಲು ನೆಡಬೇಕು, ಅಷ್ಟರಲ್ಲಿ ಊರೆಲ್ಲ ಸೇರಿರುತ್ತದೆ. ಯಾರಿಗೂ ಗೊತ್ತಾಗದಂತೆ ಸರ್ವೆ ಮಾಡುವುದೆಂದರೆ ಏನು ಸ್ವಾಮಿ?"

ಪ್ರಶ್ನೆ ನ್ಯಾಯವಾದದ್ದೇ. ತೊಡಕಿರುವುದು 'ಸರ್ವೆ' ಎಂಬ ಮಾತಿನಲ್ಲಿ. ಹೊಲದ ಸರ್ವೆಯಲ್ಲಿ ಗಡಿ ಗೊತ್ತಾಗಬೇಕು. ದಂಡಿಗಾಗಿ ಮಾಡುವ ದಾರಿಯ ಸರ್ವೆಯಲ್ಲಿ ಗೊತ್ತಾಗಬೇಕಾದದ್ದು ಬೇರೆಯೇ: ಈ ದಾರಿಯಲ್ಲಿ ಹತ್ತು ಸಾವಿರ ಜನ ಮತ್ತು ಅವರ ಎರಡರಷ್ಟು ದನ, ಒಂಟೆಗಳು ಬಂದರೆ ಎಲ್ಲಿ ನೀರು ಕುಡಿಯುತ್ತವೆ, ಏನು ತಿನ್ನುತ್ತವೆ, ಎಷ್ಟು ಮಜಲಿಗೆ ತಲುಪುತ್ತವೆ? ಇದನ್ನು ತಿಳಿಯಲು ಸರಪಳಿ ಬೇಕಿಲ್ಲ. ಕಣ್ಣು, ಜ್ಞಾಪಕಶಕ್ತಿ, ಗಡಿಯಾರ, ಒಂದು ದಿಕ್ಸೂಚಿ, ಮತ್ತು ದಾರಿಯಲ್ಲಿ ಸಿಕ್ಕವರೊಡನೆ ಸಹಜವಾಗಿ ಹರಟುವ ಕಲೆ ಇದ್ದರೆ ಬಹುಪಾಲು ಕೆಲಸ ಮುಗಿಯಿತು.

ಮೇವು ನೀರಿಗೆ ಇಷ್ಟು ಮಹತ್ವವೇಕೆ ಎನ್ನುವವರಿಗೆ ನಾನು ಕೊಡುವ ಉದಾಹರಣೆ ಮನೆಯ ಹತ್ತಿರದ್ದೇ. 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ ಕಾರ್ನ್‌ವಾಲಿಸ್, ಚನ್ನಪಟ್ಟಣದ ಹೆದ್ದಾರಿಯನ್ನು ಬಿಟ್ಟು ಕನಕಪುರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಅವನೇ ಗೆದ್ದ. ಆದರೆ ಟಿಪ್ಪುವಿನ ಕಡೆಯವರು ದಾರಿಯುದ್ದಕ್ಕೂ ಮೇವು, ಧಾನ್ಯಗಳನ್ನು ಸುಟ್ಟಿದ್ದರು. ಫಿರಂಗಿ ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಗೆದ್ದ ದಂಡು ತನ್ನ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆದುಹಾಕಿ ಬರಿಗೈಯಲ್ಲಿ ಬೆಂಗಳೂರಿಗೆ ಮರಳಿತು. ಶ್ರೀರಂಗಪಟ್ಟಣ ಎಲ್ಲಿದೆ, ಎಷ್ಟು ಮೈಲಿ ದೂರ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ; ದಾರಿಯಲ್ಲಿ ಹುಲ್ಲು ಉಳಿದಿದೆಯೇ ಎಂಬುದೊಂದೇ ಗೊತ್ತಿರಲಿಲ್ಲ.

ಇನ್ನು ಗುಟ್ಟಿನ ಸರ್ವೆಯ ವಿಷಯ. ನೆಪೋಲಿಯನ್ 1799ರಲ್ಲಿ ಈಜಿಪ್ಟಿನಿಂದ ಟಿಪ್ಪುವಿಗೆ ಬರೆದ ಕಾಗದ ಶ್ರೀರಂಗಪಟ್ಟಣವನ್ನು ಮುಟ್ಟಲೇ ಇಲ್ಲ, ನಡುದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಆದರೆ ಫ್ರೆಂಚರು ನೆಲದ ಮೇಲಿಂದಲೇ ಹಿಂದೂಸ್ತಾನಕ್ಕೆ ಬಂದಾರು ಎಂಬ ಅಂಜಿಕೆ ಹೋಗಲಿಲ್ಲ. 1807ರಲ್ಲಿ ಪರ್ಷಿಯಾದ ಶಾಹ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡು, ಫ್ರೆಂಚ್ ದಂಡಿಗೆ ತನ್ನ ನೆಲದಲ್ಲಿ ದಾರಿ ಬಿಡಲು ಒಪ್ಪಿದಾಗ ಅದು ಇನ್ನೂ ಹೆಚ್ಚಿತು. ಬಂದರೆ ಯಾವ ದಾರಿಯಲ್ಲಿ ಬಂದಾರು? ಸಿಂಧ್‌ಗೂ ಪರ್ಷಿಯಾಕ್ಕೂ ನಡುವಿನ ಬಲೂಚಿಸ್ತಾನದ ಒಳನಾಡು ಕಂಪನಿಯ ನಕ್ಷೆಗಳಲ್ಲಿ ಹೆಚ್ಚುಕಡಿಮೆ ಖಾಲಿ ಕಾಗದವಾಗಿತ್ತು. ಇದನ್ನು ತುಂಬಿಸುವ ಕೆಲಸಕ್ಕೆ ಕೈಹಾಕಿದವನು ಜಾನ್ ಮಾಲ್ಕಮ್, 1799ರಲ್ಲಿ ಮೈಸೂರು ರಾಜ್ಯವನ್ನು ಹಂಚಿದ ಆಯೋಗಕ್ಕೆ ಮನ್ರೋನೊಡನೆ ಕಾರ್ಯದರ್ಶಿಯಾಗಿದ್ದ ಅದೇ ಮಾಲ್ಕಮ್. ಅವನು ಆರಿಸಿದ್ದು ಕ್ಯಾಪ್ಟನ್ ಚಾರ್ಲ್ಸ್ ಕ್ರಿಸ್ಟಿ ಮತ್ತು ಇಪ್ಪತ್ತು ವರ್ಷದ ಲೆಫ್ಟಿನೆಂಟ್ ಹೆನ್ರಿ ಪಾಟಿಂಜರ್ ಎಂಬಿಬ್ಬರನ್ನು.

1810ರ ಜನವರಿಯಲ್ಲಿ ಇವರು ಬೊಂಬಾಯಿಯಿಂದ ದೇಶೀ ದೋಣಿಯೊಂದರಲ್ಲಿ ಹೊರಟು ಬಲೂಚಿಸ್ತಾನದ ಕರಾವಳಿಯ ಸೋನ್‌ಮಿಯಾನಿ ಎಂಬಲ್ಲಿ ಇಳಿದರು. ಹೇಳಿಕೊಂಡದ್ದು, ಬೊಂಬಾಯಿಯ ಹಿಂದೂ ಕುದುರೆ ವ್ಯಾಪಾರಿಯೊಬ್ಬನ ಏಜೆಂಟರು ಎಂದು. ಈ ಆಯ್ಕೆಯ ಜಾಣತನವನ್ನು ಗಮನಿಸಬೇಕು. ಕುದುರೆ ಕೊಳ್ಳಲು ಬಂದವನು ನೀರೆಲ್ಲಿದೆ, ಹುಲ್ಲು ಹೇಗೆ, ಮುಂದಿನ ಊರಿಗೆ ಎಷ್ಟು ದೂರ, ಕಳ್ಳಕಾಕರ ಕಾಟ ಉಂಟೇ ಎಂದು ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ, ಕೇಳದಿದ್ದರೇ ಸಂಶಯ. ದಂಡಿನ ಪ್ರಶ್ನೆಗಳೂ ಕುದುರೆ ವ್ಯಾಪಾರಿಯ ಪ್ರಶ್ನೆಗಳೂ ಒಂದೇ ಆಗಿದ್ದವು.

ಅಂತರವನ್ನು ಲೆಕ್ಕ ಹಾಕುವ ಉಪಾಯವೂ ಸರಳವಾದದ್ದೇ. ಬಂಗಾಳದ ಸರ್ವೆ ನಡೆಸಿದ್ದ ಭೂಗೋಳಜ್ಞ ಜೇಮ್ಸ್ ರೆನೆಲ್ 1791ರಲ್ಲೇ ಒಂಟೆಯ ನಡಿಗೆಯ ವೇಗದ ಮೇಲೆ ಒಂದು ಪ್ರಬಂಧ ಬರೆದು, ಅದನ್ನೇ ಭೂಗೋಳದ ಅಳತೆಗೋಲಾಗಿ ಬಳಸಬಹುದೆಂದು ತೋರಿಸಿದ್ದ. ಹೇರು ಹೊತ್ತ ಒಂಟೆಸಾಲು ಗಂಟೆಗೆ ಸುಮಾರು ಎರಡೂವರೆ ಮೈಲಿ ನಡೆಯುತ್ತದೆ. ಇಷ್ಟು ಗಂಟೆ ನಡೆದೆವು, ಈ ದಿಕ್ಕಿಗೆ ನಡೆದೆವು ಎಂದು ರಾತ್ರಿ ಕದ್ದುಮುಚ್ಚಿ ಬರೆದಿಟ್ಟುಕೊಂಡರೆ ಗೆರೆ ತಾನಾಗಿ ಮೂಡುತ್ತದೆ. ಅಪಾಯವಿದ್ದದ್ದು ದಿಕ್ಸೂಚಿಯಲ್ಲಿ. ಪಾಟಿಂಜರನ ದಿಕ್ಸೂಚಿ ಒಮ್ಮೆ ಬಲೂಚಿ ಸರದಾರನೊಬ್ಬನ ಕಣ್ಣಿಗೆ ಬಿದ್ದೇಬಿಟ್ಟಿತು. ಇದು ಕಿಬ್ಲಾನುಮಾ, ನಮಾಜಿಗೆ ಮೆಕ್ಕಾದ ದಿಕ್ಕು ತೋರಿಸುವ ಸಾಧನ ಎಂದು ಹೇಳಿ ಅವನು ಪಾರಾದ. ಆ ಉತ್ತರ ಹೊಳೆಯಲು ಒಂದು ಗಳಿಗೆ ತಡವಾಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ.

ಬಲೂಚಿಸ್ತಾನದ ಒಳನಾಡಿನ ನುಶ್ಕಿಯಲ್ಲಿದ್ದಾಗ, ಇವರನ್ನು ಹಿಡಿಯಲು ಸಿಂಧ್‌ನ ಅಮೀರರ ಕಡೆಯವರು ಅಲ್ಲಿನ ಖಾನನ ರಾಜಧಾನಿ ಕಲಾತ್‌ಗೆ ಬಂದಿದ್ದಾರೆಂಬ ಸುದ್ದಿ ತಲುಪಿತು. ಮಾರ್ಚ್ 22ರಂದು ಕ್ರಿಸ್ಟಿ ಉತ್ತರಕ್ಕೆ ಅಫಘಾನ್ ಸೀಮೆಯ ಹೆರಾತ್‌ನತ್ತ ಹೊರಟ. ಪಾಟಿಂಜರ್ ಪಶ್ಚಿಮಕ್ಕೆ ಪರ್ಷಿಯಾದ ಕೆರ್ಮಾನ್‌ನತ್ತ ನಡೆದ. ದಾರಿಯಲ್ಲಿ ಅವನಿಗೆ ಎದುರಾದದ್ದು ಕೆಂಪು ಮರಳಿನ ಕಡಲು: ಹತ್ತರಿಂದ ಇಪ್ಪತ್ತು ಅಡಿ ಎತ್ತರದ ಅಲೆಗಳು, ಗಾಳಿ ಬೀಸುವ ಕಡೆ ಇಳಿಜಾರು, ಇನ್ನೊಂದು ಕಡೆ ಈಗಷ್ಟೇ ಕಟ್ಟಿದ ಇಟ್ಟಿಗೆ ಗೋಡೆಯಂತೆ ನೆಟ್ಟಗೆ. ಒಂಟೆಗಳೇ ಜಾರಿ ಇಳಿಯಬೇಕಾದ ಆ ದಿಬ್ಬಗಳನ್ನು ಫಿರಂಗಿಯ ಗಾಲಿ ಹತ್ತುವುದುಂಟೇ? ಅವನ ಸರ್ವೆಯ ನಿಜವಾದ ಫಲ ಯಾವ ಅಕ್ಷಾಂಶವೂ ಅಲ್ಲ, ಈ ಒಂದು ಸಂಗತಿ ಎಂದು ನನ್ನ ಅಭಿಪ್ರಾಯ. ಕ್ರಿಸ್ಟಿ ಹೆರಾತ್‌ನಲ್ಲಿ ಒಂದು ತಿಂಗಳಿದ್ದು ಕಂಡದ್ದು ಇದಕ್ಕೆ ತದ್ವಿರುದ್ಧ: ಫಲವತ್ತಾದ ಕಣಿವೆ, ಸಮೃದ್ಧ ನೀರು, ದಂಡೊಂದು ತಂಗಿ ಉಂಡು ಮುಂದೆ ಸಾಗಬಲ್ಲ ಊರು. ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟರೆ ಬಾಗಿಲು ಯಾವುದು, ಗೋಡೆ ಯಾವುದು ಎಂಬುದು ಸ್ಪಷ್ಟ.

ಜೂನ್ 30ರಂದು ಇಬ್ಬರೂ ಇಸ್ಫಹಾನ್‌ನಲ್ಲಿ ಸಂಧಿಸಿದರು. ಇಬ್ಬರೂ ಪರ್ಷಿಯನ್ ಉಡುಪಿನಲ್ಲಿದ್ದುದರಿಂದ, ಕತ್ತಲಲ್ಲಿ ಕೆಲವು ನಿಮಿಷ ಮಾತನಾಡುವವರೆಗೂ ಒಬ್ಬರಿಗೊಬ್ಬರು ಗುರುತೇ ಸಿಗಲಿಲ್ಲವಂತೆ. ಕ್ರಿಸ್ಟಿ 2,250 ಮೈಲಿ ಬಂದಿದ್ದ, ಪಾಟಿಂಜರ್ ಅದಕ್ಕಿಂತ 162 ಮೈಲಿ ಹೆಚ್ಚು.

ಇಲ್ಲಿ ಯಾರಾದರೂ "ಜಪಮಾಲೆ ಎಣಿಸುತ್ತ ಟಿಬೆಟ್ ಅಳೆದವರು ಇವರೇನಾ?" ಎಂದು ಕೇಳುವುದುಂಟು. ಅಲ್ಲ, ಅದು ಅರ್ಧ ಶತಮಾನದ ನಂತರದ್ದು. ಕುಮಾವೂಂನ ಶಾಲಾಮಾಸ್ತರ ನೈನ್ ಸಿಂಗ್ ರಾವತ್ 108ರ ಬದಲು ನೂರು ಮಣಿಗಳ ಮಾಲೆ ಹಿಡಿದು, ನೂರು ಹೆಜ್ಜೆಗೊಂದು ಮಣಿ ಜಾರಿಸುತ್ತ, 1866ರ ಜನವರಿಯಲ್ಲಿ ಲಾಸಾ ಮುಟ್ಟಿದವನು. ಮೈಲಿಗೆ ಎರಡು ಸಾವಿರ ಹೆಜ್ಜೆ; ಒಂದು ಸುತ್ತು ಮಾಲೆ ಮುಗಿದರೆ ಐದು ಮೈಲಿ. ಅಳತೆಯ ನಿಖರತೆಯಲ್ಲಿ ಪಾಟಿಂಜರ್ ಅವನ ಹತ್ತಿರವೂ ಸುಳಿಯಲಾರ.

ಮುಂದಿನ ಪ್ರಶ್ನೆ ಸಾಮಾನ್ಯವಾಗಿ, ಇದರಿಂದ ಉಪಯೋಗವಾಯಿತೇ ಎಂಬುದು. ಯಾವುದಕ್ಕೆ ಹೆದರಿ ಇವರನ್ನು ಕಳಿಸಿದ್ದರೋ ಆ ಅಪಾಯ, ಇವರು ಬೊಂಬಾಯಿ ಬಿಡುವ ಹೊತ್ತಿಗೇ ಕರಗಿತ್ತು. 1809ರಲ್ಲಿ ಶಾಹ ಇಂಗ್ಲಿಷರೊಡನೆಯೇ ಒಪ್ಪಂದ ಮಾಡಿಕೊಂಡಿದ್ದ. ಕ್ರಿಸ್ಟಿ ಪರ್ಷಿಯನ್ನರ ಪರವಾಗಿ ರಷ್ಯನ್ನರೊಡನೆ ಕಾದಾಡಿ 1812ರಲ್ಲಿ ಅಸ್ಲಾಂದೂಜ್‌ನಲ್ಲಿ ಸತ್ತ. ಪಾಟಿಂಜರ್ ತನ್ನ ಪ್ರಯಾಣವನ್ನು 1816ರಲ್ಲಿ ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ಗುಟ್ಟಿನ ಸರ್ವೆ ದುಡ್ಡು ಕೊಟ್ಟವರಿಗೆಲ್ಲ ಸಿಗುವಂತಾಯಿತು. ಬಹಳ ಕಾಲದ ನಂತರ, 1848ರಿಂದ 1854ರವರೆಗೆ, ಅವನು ಮದರಾಸಿನ ಗವರ್ನರ್ ಆಗಿದ್ದ. ಬಳ್ಳಾರಿ, ಮಂಗಳೂರಿನವರು ಆಗ ಅವನ ಆಳ್ವಿಕೆಯಲ್ಲೇ ಇದ್ದರು.

ಆ ಸೀಮೆಯಲ್ಲಿ ದೊಡ್ಡ ದಂಡು ನಡೆದದ್ದು 1839ರಲ್ಲಿ, ಅದೂ ತಿರುವುಮುರುವಾಗಿ. ಹೊರಗಿನವರು ಒಳಗೆ ಬರಲಿಲ್ಲ, ಇಂಗ್ಲಿಷರೇ ಸಿಂಧ್‌ನಿಂದ ಬೋಲಾನ್ ಕಣಿವೆ ಹತ್ತಿ ಅಫಘಾನಿಸ್ತಾನದ ಕಂದಹಾರಕ್ಕೆ ಹೊರಟರು. ಸಿಂಧ್‌ನ ಅಮೀರರನ್ನು ಒಪ್ಪಿಸಿ ದಂಡಿಗೆ ದಾರಿ ಬಿಡಿಸಿದ ರೆಸಿಡೆಂಟ್, ಎಂದರೆ ಅಲ್ಲಿದ್ದ ಕಂಪನಿಯ ಪ್ರತಿನಿಧಿ, ಇದೇ ಪಾಟಿಂಜರ್. ಆ ವರ್ಷ ಕಲಾತ್ ಸೀಮೆಯಲ್ಲಿ ಧಾನ್ಯದ ಅಭಾವವಿತ್ತು. ದಂಡೇನೋ ತಂದಿದ್ದೀರಿ, ಅದನ್ನು ಹೊರಗೆ ಕರೆದೊಯ್ಯುವುದು ಹೇಗೆ ಎಂದು ಕಲಾತ್‌ನ ಖಾನ್ ಮೆಹ್ರಾಬ್ ಖಾನ್ ಕೇಳಿದನಂತೆ. ಒಂಟೆಗಳು ಕಣಿವೆಯುದ್ದಕ್ಕೂ ಸತ್ತುಬಿದ್ದವು. ಕ್ವೆಟ್ಟಾ ತಲುಪುವ ಹೊತ್ತಿಗೆ ದೇಶೀ ಸಿಪಾಯಿಗೆ ದಿನಕ್ಕೆ ಒಂದು ಸೇರಿನ ಬದಲು ಅರ್ಧ ಸೇರು ಹಿಟ್ಟು, ದಂಡಿನ ಹಿಂದೆ ನಡೆದು ಬಂದ ಕೂಲಿಯವರಿಗೆ ಕಾಲು ಸೇರು.