ಫೋನಿನಲ್ಲಿ ಆಫ್, ತಾರಸಿಯಲ್ಲಿ ಮಳೆ

ಟ್ಯಾಂಕ್ ತುಂಬಿದ್ದು ಅಮ್ಮನಿಗೆ ಕಿವಿಯಿಂದಲೇ ತಿಳಿಯುತ್ತದೆ. ಮೋಟರು ಹಾಕಿದರೆ ಅಡುಗೆಮನೆಯ ಗೋಡೆಗುಂಟ ಹೋಗುವ ಪೈಪು ಗುಂಯ್ಗುಡುತ್ತಿರುತ್ತದೆ. ಮೇಲೆ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದಾಗ ಆ ಸದ್ದು ಬದಲಾಗುತ್ತದಂತೆ. ನನಗೆ ಎಂದೂ ಕೇಳಿಸಿದ್ದಿಲ್ಲ. ಒಲೆಯ ಮುಂದಿನಿಂದಲೇ ಅವರು "ಮೋಟರು ನಿಲ್ಲಿಸು" ಎಂದು ಕೂಗುತ್ತಾರೆ. ನಾನು ಓಡುವಷ್ಟರಲ್ಲಿ ಅರ್ಧ ಬಕೆಟ್ ನೀರು ಚರಂಡಿಯ ಪಾಲಾಗಿರುತ್ತದೆ. ಬೆಂಗಳೂರಿನಲ್ಲಿ ದಿನ ಬಿಟ್ಟು ದಿನ ಕಾವೇರಿ ನೀರು ಕಾಯುವ ಮನೆಯಲ್ಲಿ ಇದು ಸಣ್ಣ ಅಪರಾಧವಲ್ಲ.

ಹಾಗಾಗಿ ಒಂದು ಶನಿವಾರ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆಗೆ ಹೋಗಿ ಇಎಸ್‌ಪಿ 8266 ಚಿಪ್ ಇರುವ ಎರಡು ನೋಡ್‌ಎಂಸಿಯು ಬೋರ್ಡುಗಳು (ವೈ-ಫೈ ಇರುವ ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು), ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಬೋರ್ಡು ಹೇಳಿದಂತೆ ಮೋಟರಿನ ಸ್ವಿಚ್ಚು ಹಾಕಿ ತೆಗೆಯುವ, ನೀಲಿ ಡಬ್ಬಿಯಂಥ ಒಂದು ರಿಲೇ ತಂದೆ. ಒಂದು ಬೋರ್ಡು ತಾರಸಿಯ ಟ್ಯಾಂಕಿಗೆ, ಇನ್ನೊಂದು ಸಂಪಿನ ಪಕ್ಕದ ಮೋಟರಿಗೆ. ಮುಚ್ಚಳದ ಕೆಳಗೆ ಕೂರಿಸಿದ ಸೆನ್ಸರ್ ಶಬ್ದದ ಅಲೆ ಬಿಟ್ಟು, ಅದು ನೀರಿಗೆ ಬಡಿದು ಮರಳುವ ಹೊತ್ತನ್ನು ಅಳೆಯುತ್ತದೆ. ನೀರು ಒಂದು ಮೀಟರ್ ಕೆಳಗಿದ್ದರೆ ಸುಮಾರು 6 ಮಿಲಿಸೆಕೆಂಡು. ಸೆನ್ಸರ್ ಕೊಡುವುದು 5 ವೋಲ್ಟ್, ಬೋರ್ಡು ತಡೆಯುವುದು 3.3. ನಡುವೆ ಎರಡು ರೆಸಿಸ್ಟರ್ ಹಾಕಿ ತಗ್ಗಿಸಿದೆ. ವೃತ್ತಿಯಿಂದ ನಾನು ಪ್ರೋಗ್ರಾಮರ್, ಆದ್ದರಿಂದ ಉಳಿದದ್ದೆಲ್ಲ ಸಲೀಸು: ಟ್ಯಾಂಕಿನಿಂದ 30 ಸೆಕೆಂಡು ಸುದ್ದಿ ಬಾರದಿದ್ದರೆ ಮೋಟರು ಆಫ್, ವೈ-ಫೈ ಹೋದರೆ ಆಫ್, ಕರೆಂಟು ಹೋಗಿ ಬಂದರೂ ಆಫ್. ಬೋರ್ಡು ಏಳುವಾಗ ಕೆಲವು ಪಿನ್ನುಗಳು ತಾವೇ ಹೈ ಆಗುತ್ತವೆಂದು, ಅಂದರೆ ಹೇಳದೆಯೇ ಆನ್ ಆಗುತ್ತವೆಂದು ಓದಿದ್ದೆ. ರಿಲೇಯನ್ನು ಆ ಗಲಾಟೆಯಿಲ್ಲದ ಡಿ1 ಪಿನ್ನಿಗೇ ಕೊಟ್ಟಿದ್ದೆ. ಇನ್ನೇನು ತಪ್ಪು ಉಳಿದೀತು?

ಮೂರು ವಾರ ಎಲ್ಲವೂ ಗಡಿಯಾರದಂತೆ ನಡೆಯಿತು. ನಾಲ್ಕನೆಯ ಭಾನುವಾರ ಭಾವ ಊಟಕ್ಕೆ ಬಂದಿದ್ದರು. ಫೋನು ಅವರ ಮುಂದೆ ಹಿಡಿದು, "ನೋಡಿ ಭಾವ, ಟ್ಯಾಂಕು ಶೇಕಡಾ 90 ತುಂಬುತ್ತಿದ್ದಂತೆ ಮೋಟರು ತಾನೇ ನಿಲ್ಲುತ್ತದೆ" ಎಂದೆ. 89. 90. ಪರದೆಯ ಮೇಲೆ ಹಸಿರು ಹೋಗಿ ಬೂದು ಬಂತು: ಆಫ್. ಭಾವ ತಲೆದೂಗಿದರು.

"ಮೋಟರು ಓಡುತ್ತಿದೆ," ಎಂದು ಒಳಗಿನಿಂದ ಅಮ್ಮ.

"ಇಲ್ಲಮ್ಮ, ನಿಂತಿದೆ."

"ಪೈಪು ಕೂಗುತ್ತಿದೆಯಲ್ಲೋ!"

93. 96. ನನ್ನದೇ ಸೆನ್ಸರ್ ಅಮ್ಮನ ಪಕ್ಷ ವಹಿಸಿತ್ತು. ಆಫ್ ಎಂಬ ಅಕ್ಷರಗಳನ್ನೇ ನೋಡುತ್ತಿದ್ದ ನಾನು ಅದರ ಕೆಳಗಿನ ಅಂಕಿಯನ್ನು ನಂಬಲಿಲ್ಲ. ಪಕ್ಕದ ಮನೆಯಿಂದ ಕೂಗು ಕೇಳಿದ ಮೇಲೆ ಎದ್ದೆ. ನಮ್ಮ ತಾರಸಿಯಿಂದ ಸುರಿದ ನೀರು ಅವರು ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದಿತ್ತು.

ಸಂಪಿನ ಹತ್ತಿರ ಹೋಗಿ ಫೋನಿನಲ್ಲಿ ಆನ್ ಒತ್ತಿದೆ, ಆಫ್ ಒತ್ತಿದೆ. ರಿಲೇ ಬೋರ್ಡಿನ ಕೆಂಪು ದೀಪ ವಿಧೇಯವಾಗಿ ಹತ್ತುತ್ತಿತ್ತು, ಆರುತ್ತಿತ್ತು. ಆದರೆ ದಿನವೂ ಕೇಳುತ್ತಿದ್ದ "ಟಿಕ್" ಮಾತ್ರ ಇಲ್ಲ. ಮೋಟರು ತನ್ನ ಪಾಡಿಗೆ ಓಡುತ್ತಲೇ ಇತ್ತು. ಕೊನೆಗೆ ಎಂಸಿಬಿ ಕೆಳಗಿಳಿಸಿದೆ.

ಸಂಜೆ ಬಂದ ಎಲೆಕ್ಟ್ರಿಷಿಯನ್ ರಿಲೇಯ ನೀಲಿ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನನ್ನ ಕೈಗೆ ಕೊಟ್ಟರು. ಒಳಗೆ, ಕೂಡಿದಾಗ ಮೋಟರಿಗೆ ಕರೆಂಟು ಹರಿಸುವ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಎರಡು ಲೋಹದ ಬೊಟ್ಟುಗಳು ಕಪ್ಪಾಗಿ, ಒಂದಕ್ಕೊಂದು ಬೆಸೆದುಕೊಂಡು ಕೂತಿದ್ದವು. ಉಗುರಿನಿಂದ ಎಳೆದರೂ ಬಿಡಲಿಲ್ಲ. "ಇದರ ಮೇಲೆ 10 ಆಂಪಿಯರ್ ಎಂದು ಬರೆದಿದೆಯಲ್ಲ, ನಮ್ಮದು ಒಂದು ಎಚ್‌ಪಿ ಮೋಟರು, ಆರು ಆಂಪಿಯರ್ ಕೂಡ ಎಳೆಯುವುದಿಲ್ಲ" ಎಂದು ನಾನು ವಾದಿಸಿದೆ. "ಓಡುವಾಗ ಸರಿ ಸಾರ್, ಏಳುವಾಗ?" ಎಂದರು. ನಿಂತ ಮೋಟರು ಏಳುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ರಿಲೇಯ ಮೇಲಿನ 10 ಎಂಬ ಅಂಕಿ, ಏಳುವಾಗ ಹೀಗೆ ಹೆಚ್ಚು ಎಳೆಯದ ಗೀಸರಿನಂಥ ಸಾಧು ಲೋಡಿಗೆ ಹೇಳಿದ್ದು. ಮೋಟರು ಎದ್ದಾಗಲೆಲ್ಲ ಹಾರಿದ ಒಂದೊಂದು ಕಿಡಿಯೂ ಲೋಹವನ್ನು ಇಷ್ಟಿಷ್ಟೇ ಕರಗಿಸುತ್ತಾ ಬಂದು, ಆ ಭಾನುವಾರ ಬೆಸುಗೆ ಮುಗಿಸಿತ್ತು. ಕಾಲೇಜಿನಲ್ಲಿ ಇದನ್ನು ಓದಿ ಅಂಕವನ್ನೂ ಪಡೆದಿದ್ದೆ.

ಎಲೆಕ್ಟ್ರಿಷಿಯನ್ ಒಂದು ಕಾಂಟ್ಯಾಕ್ಟರ್ ಕೂರಿಸಿದರು; ಅದು ಮೋಟರುಗಳಿಗೆಂದೇ ಮಾಡಿದ, ರಿಲೇಯ ದೊಡ್ಡಣ್ಣನಂಥ ಸ್ವಿಚ್ಚು. ಈಗ ರಿಲೇ ಅದನ್ನು ಎಳೆಯುವ ಕಾಯಿಲನ್ನು (ತಂತಿ ಸುರುಳಿಯನ್ನು) ಮಾತ್ರ ಎಬ್ಬಿಸುತ್ತದೆ; ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರ್. ಮೊದಲ ದಿನ ಅದು "ಠಕ್" ಎಂದು ಬಿಟ್ಟಾಗಲೆಲ್ಲ ನನ್ನ ಬೋರ್ಡು ಬೆಚ್ಚಿ ರೀಸ್ಟಾರ್ಟ್ ಆಗುತ್ತಿತ್ತು. ಕಾಯಿಲಿಗೆ ಅಡ್ಡಲಾಗಿ, ಬಿಡುವಾಗ ಅದು ಎಬ್ಬಿಸುವ ವಿದ್ಯುತ್ ಝಳವನ್ನು ನುಂಗುವ ಒಂದು ಸ್ನಬರ್ ಹಾಕಿದ ಮೇಲೆ ಸುಮ್ಮನಾಯಿತು. ಮೋಟರಿನ ತಂತಿಗೆ ಕರೆಂಟು ಅಳೆಯುವ ಒಂದು ಕ್ಲ್ಯಾಂಪನ್ನೂ ತೊಡಿಸಿದ್ದೇನೆ. ಫೋನಿನಲ್ಲಿ ಈಗ ಎರಡು ಸಾಲುಗಳಿವೆ: "ಹೇಳಿದ್ದು" ಒಂದು, "ಆಗಿದ್ದು" ಇನ್ನೊಂದು. ಎರಡೂ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಜಗಳವಾಡಿದರೆ ಅಡುಗೆಮನೆಯಲ್ಲಿ ಬಜರ್ ಕೂಗುತ್ತದೆ.

ಪಕ್ಕದ ಮನೆಗೆ ಅಮ್ಮ ಒಂದು ಸೇರು ಅಕ್ಕಿಯ ಸಂಡಿಗೆ ಮಾಡಿ ಕೊಟ್ಟರು. ಬಜರ್ ಇದುವರೆಗೆ ಒಮ್ಮೆ ಮಾತ್ರ ಕೂಗಿದೆ, ಅದೂ ಕ್ಲ್ಯಾಂಪಿನ ತಂತಿ ಸಡಿಲವಾಗಿದ್ದರಿಂದ. ನಾನು ಎದ್ದು ಓಡಿದೆ. ಅಮ್ಮ ಹಿಟ್ಟು ಕಲಸುವ ಕೈ ನಿಲ್ಲಿಸದೆ, "ಕೂತುಕೋ, ಪೈಪು ಸುಮ್ಮನಿದೆ" ಎಂದರು.