ಡಾಲಿ ಪಾರ್ಟನ್, ನಮ್ಮ ಅಂಕೋಲೆಯವರು ಮತ್ತು ಆಯಿಯ ಪ್ರಶ್ನೆಗಳು

ಅಮೆರಿಕದ ಟೆನ್ನೆಸಿ ರಾಜ್ಯದಲ್ಲಿ ಮಗು ಹುಟ್ಟಿದರೆ ಅದಕ್ಕೆ ಐದು ವರ್ಷ ತುಂಬುವ ತನಕ ತಿಂಗಳಿಗೊಂದು ಪುಸ್ತಕ ಪುಕ್ಕಟೆ ಮನೆಗೆ ಬರುತ್ತದೆ. ಅಂಚೆಯಲ್ಲಿ ಬರುತ್ತದೆ, ಅದೂ ಮಗುವಿನ ಹೆಸರಿಗೇ. ಅಪ್ಪನ ಸಂಬಳ ಎಷ್ಟು, ಅಮ್ಮ ಯಾವ ದೇಶದವಳು, ಮನೆ ಬಾಡಿಗೆಯದ್ದಾ ಸ್ವಂತದ್ದಾ, ಯಾರೂ ಕೇಳುವುದಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ ಬರೆದುಕೊಟ್ಟರೆ ಮುಗಿಯಿತು. ನಮ್ಮ ಮಗಳಿಗೂ ಬರುತ್ತಿದೆ.

ಇದನ್ನು ಶುರು ಮಾಡಿದವರು ಡಾಲಿ ಪಾರ್ಟನ್. ಇಲ್ಲಿನ ಕಂಟ್ರಿ ಸಂಗೀತದ ದೊಡ್ಡ ಹೆಸರು, ಸಿನಿಮಾದಲ್ಲೂ ನಟಿಸಿದ್ದಾರೆ. ಅಂಕೋಲೆ, ಕುಮಟೆ ಕಡೆ ಜಾಸ್ತಿ ಜನ ಕೇಳಿರಲಿಕ್ಕಿಲ್ಲ. ನಾವಿರುವ ನಾಕ್ಸ್‌ವಿಲ್‌ನಿಂದ ಅವರು ಹುಟ್ಟಿದ ಜಾಗ ಹೆಚ್ಚು ಕಡಿಮೆ ಒಂದು ಗಂಟೆಯ ದಾರಿ. ಅಮೆರಿಕದಲ್ಲಿ ಈಗ ಎರಡು ಪಕ್ಷದವರು ಒಟ್ಟಿಗೆ ಕೂತು ಚಹಾ ಕುಡಿಯುವುದೇ ಕಷ್ಟವಾಗಿದೆ. ಆ ಇಬ್ಬರೂ ಒಪ್ಪುವ ಹೆಸರು ಏನಾದರೂ ಇದ್ದರೆ ಅದು ಡಾಲಿಯದ್ದೇ ಇರಬೇಕು.

ಆಯಿಗೆ ವಿಡಿಯೋ ಕಾಲ್‌ನಲ್ಲಿ ಪುಸ್ತಕ ತೋರಿಸಿದಾಗ ಅವಳು ಮೊದಲು ಕೇಳಿದ್ದು, "ಎಂತಕ್ಕೆ ಪುಕ್ಕಟೆ ಕೊಡ್ತಡ ಅದು? ಓಟಿಗೆ ನಿಲ್ತಡಾ?" ಆಯಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಸೀರೆ, ಕುಕ್ಕರ್ ಪುಕ್ಕಟೆ ಬಂತು ಅಂದರೆ ಹಿಂದೆಯೇ ಚುನಾವಣೆ ಬಂತು ಅಂತಲೇ ಲೆಕ್ಕ.

ಓಟಿಗೆ ನಿಲ್ಲುವುದಿಲ್ಲ ಆಯೀ, ಅಪ್ಪನಿಗೋಸ್ಕರ ಮಾಡಿದ್ದು ಎಂದೆ.

ಡಾಲಿ ಹುಟ್ಟಿದ್ದು 1946ರಲ್ಲಿ, ಸೆವಿಯರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಗುಡ್ಡದ ನಡುವಿನ ಒಂದೇ ಕೋಣೆಯ ಮರದ ಮನೆಯಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ಅಪ್ಪನ ಕೈಯಲ್ಲಿ ದುಡ್ಡಿರಲಿಲ್ಲ, ಒಂದು ಚೀಲ ಜೋಳದ ಹಿಟ್ಟು ಕೊಟ್ಟು ಕಳಿಸಿದ್ದರಂತೆ. ಆ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಹೆಸರು, ದುಡ್ಡು ಎರಡೂ ಬಂದ ಮೇಲೆ ಇಂಥದ್ದನ್ನು ಮುಚ್ಚಿಡುವವರೇ ಜಾಸ್ತಿ, ಅಲ್ವಾ? ಇವರು ಅದನ್ನು ಹೋದಲ್ಲೆಲ್ಲ ಹೇಳಿದರು. ಅಪ್ಪ ತುಂಬ ಬುದ್ಧಿವಂತ, ಆದರೆ ಓದಲು ಬರದ ನೋವು ಅವನಿಗೆ ಕೊನೆಯವರೆಗೂ ಇತ್ತು ಎಂದರು. 1995ರಲ್ಲಿ ಅದೇ ಕೌಂಟಿಯ ಮಕ್ಕಳಿಗೆ ಪುಸ್ತಕ ಕಳಿಸಲು ಶುರು ಮಾಡಿದಾಗ ಅಪ್ಪನನ್ನೂ ಜೊತೆಗೆ ಸೇರಿಸಿಕೊಂಡರು. ಮಗಳನ್ನು ಊರ ಮಕ್ಕಳು "ಬುಕ್ ಲೇಡಿ" ಎಂದು ಕರೆಯುವುದನ್ನು ಕೇಳಿಸಿಕೊಂಡೇ ಆ ಅಪ್ಪ 2000ದಲ್ಲಿ ತೀರಿಕೊಂಡರು. ಈಗ ಅಮೆರಿಕ ಬಿಟ್ಟು ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಐರ್ಲೆಂಡಿನಲ್ಲೂ ಪುಸ್ತಕ ಹೋಗುತ್ತದೆ. 2023ರ ಹೊತ್ತಿಗೇ ಒಟ್ಟು 20 ಕೋಟಿ ಪುಸ್ತಕ ದಾಟಿತ್ತು.

ಎಲ್ಲ ದುಡ್ಡೂ ಅವರ ಕಿಸೆಯಿಂದಲೇ ಹೋಗುತ್ತದೆ ಅಂತಲ್ಲ. ಟೆನ್ನೆಸಿಯಲ್ಲಿ ಅರ್ಧ ಖರ್ಚು ರಾಜ್ಯದ್ದು, ಉಳಿದದ್ದು ಆಯಾ ಕೌಂಟಿಯವರು ಒಟ್ಟು ಮಾಡಿದ್ದು. ಪುಸ್ತಕ ಆರಿಸುವುದು, ವ್ಯವಸ್ಥೆ ನಡೆಸುವುದು ಡಾಲಿಯ ಸಂಸ್ಥೆ. ನನಗೆ ಇದು ಇನ್ನೂ ಇಷ್ಟವಾಯಿತು. ಒಬ್ಬರೇ ಕೊಟ್ಟರೆ ಅವರಿರುವ ತನಕ ನಡೆಯುತ್ತದೆ. ಹೀಗೆ ಹಂಚಿಕೊಂಡರೆ ಆಮೇಲೂ ನಡೆಯುತ್ತದೆ.

ಇದನ್ನೆಲ್ಲ ನೋಡುವಾಗ ನನಗೆ ನೆನಪಾಗುವುದು ದಿನಕರ ದೇಸಾಯಿ. ಚುಟುಕ ಬರೆದವರು ಅಂತ ಎಲ್ಲರಿಗೂ ಗೊತ್ತು, ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಚುಟುಕ ಅವರ ಬದುಕಿನ ಒಂದು ಮೂಲೆ ಅಷ್ಟೇ. 1909ರಲ್ಲಿ ಅಂಕೋಲೆಯ ಅಲಗೇರಿಯಲ್ಲಿ ಹುಟ್ಟಿದ ಈ ಮನುಷ್ಯ ಭಾರತ ಸೇವಕ ಸಮಾಜ ಸೇರಿದರು, ಗೇಣಿ ಒಕ್ಕಲುಗಳ ಪರ ನಿಂತರು, ಅದಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ತಿರುಗಿ ಬಂದವರು ಮತ್ತೆ ಇದೇ ಜಿಲ್ಲೆಗೆ ದುಡಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಅದರ ಹೈಸ್ಕೂಲುಗಳಿಗೆ ಇಟ್ಟ ಹೆಸರು ಜನತಾ ವಿದ್ಯಾಲಯ. 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು. ಅದಕ್ಕೆ ಗೋಪಾಲಕೃಷ್ಣ ಗೋಖಲೆಯವರ ಹೆಸರು, ಅವರ ಜನ್ಮಶತಮಾನೋತ್ಸವದ ನೆನಪಿಗೆ. ತನ್ನ ಹೆಸರು ಹಾಕಿಸಿಕೊಂಡಿದ್ದರೆ ಊರಿನವರು ಬೇಡ ಅನ್ನುತ್ತಿದ್ದರಾ? ಖುಷಿಯಿಂದ ಒಪ್ಪುತ್ತಿದ್ದರು. ತನ್ನ ಬೂದಿ ಭತ್ತದ ಗದ್ದೆಗೆ ಗೊಬ್ಬರವಾದರೆ ಸಾಕು ಅಂತ ಬರೆದವರು, ಬರೆದ ಹಾಗೇ ಬದುಕಿದರು.

ಡಾಲಿಯ ಪುಸ್ತಕ ಯೋಜನೆಯಲ್ಲಿ ಅವರ ಹೆಸರಿದೆ, ಇಲ್ಲ ಅನ್ನುವುದಿಲ್ಲ. ಆದರೆ 2021ರಲ್ಲಿ ಇಲ್ಲಿನ ವಿಧಾನಸಭೆ ಅವರ ಪ್ರತಿಮೆ ನಿಲ್ಲಿಸಲು ಹೊರಟಾಗ, ದಯವಿಟ್ಟು ಬಿಡಿ, ಜಗತ್ತು ಈಗ ಇರುವ ಸ್ಥಿತಿಯಲ್ಲಿ ನನ್ನನ್ನು ಕಂಬದ ಮೇಲೆ ನಿಲ್ಲಿಸುವುದು ಸರಿಯಲ್ಲ ಎಂದು ಬರೆದು ಆ ಮಸೂದೆಯನ್ನೇ ನಿಲ್ಲಿಸಿದರು. ಕೊರೊನಾ ಲಸಿಕೆಯ ಸಂಶೋಧನೆಗೆ ಅವರು ಕೊಟ್ಟಿದ್ದು 10 ಲಕ್ಷ ಡಾಲರ್. ಆಮೇಲೆ ಲಸಿಕೆ ಬಂದಾಗ ಎಲ್ಲರಿಗಿಂತ ಮೊದಲು ಹಾಕಿಸಿಕೊಳ್ಳಲಿಲ್ಲ. 75 ವರ್ಷ ಆಗಿತ್ತು, ಕೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಸರತಿ ಬರುವ ತನಕ ಕಾದರು.

ನನಗೆ ಯಾರ ಬಗ್ಗೆಯಾದರೂ ಗೌರವ ಹುಟ್ಟುವುದು ಇಂಥ ಕಡೆಯೇ. ಎಷ್ಟು ಕೊಟ್ಟರು ಎಂಬುದಕ್ಕಿಂತ ಹೇಗೆ ಕೊಟ್ಟರು ಎನ್ನುವುದು ಮುಖ್ಯ. ಪಡೆಯುವವರು ವೇದಿಕೆ ಹತ್ತಬೇಕಾ, ಕೈ ಮುಗಿದು ಫೋಟೋಕ್ಕೆ ನಿಲ್ಲಬೇಕಾ? ಊರಿನಲ್ಲಿ ನೋಟ್‌ಬುಕ್ ಹಂಚುವ ಕಾರ್ಯಕ್ರಮದಲ್ಲಿ ಒಂದು ನೋಟ್‌ಬುಕ್ಕನ್ನು ಐದಾರು ಜನ ದೊಡ್ಡವರು ಹಿಡಿದುಕೊಂಡಿರುತ್ತಾರೆ, ಮಗುವಿನ ತಲೆ ಮಾತ್ರ ಕೆಳಗೆಲ್ಲೋ ಕಾಣುತ್ತದೆ. ಆ ಮಗುವಿಗೆ ಏನನ್ನಿಸುತ್ತದೆ ಅಂತ ಕೇಳಿದವರು ಕಡಿಮೆ. ಅಂಚೆಯಲ್ಲಿ ಬಂದ ಪುಸ್ತಕಕ್ಕೆ ಯಾರೂ ಕೈ ಮುಗಿಯಬೇಕಾಗಿಲ್ಲ.

ಇನ್ನೊಂದು ಮಾತು, ಇದು ಊರಿನಿಂದ ಬರುವ ವಾಟ್ಸ್ಆ್ಯಪ್ ಸಂದೇಶಗಳ ಬಗ್ಗೆ. 2021ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡ ಚಿತ್ರ ನಿಮಗೆಲ್ಲ ನೆನಪಿದೆ. ಆ ಚಿತ್ರದ ಕೆಳಗೆ ಎಲ್ಲರೂ ಬರೆದದ್ದು "ಎಂಥ ಸರಳತೆ" ಅಂತ. ನನಗೆ ಅದು ಸರಿ ಕಾಣಲಿಲ್ಲ. ಕೊರಳ ತುಂಬ ಮಣಿಸರ, ಹಾಲಕ್ಕಿ ಸಮುದಾಯದ ಹೆಂಗಸರು ಉಡುವ ಹಾಗೆ ಉಟ್ಟ ಸೀರೆ. ಅದರಲ್ಲಿ ಸರಳ ಎಂಥದ್ದು? ಅವರು ದಿಲ್ಲಿಗೆ ಅಲಂಕಾರ ಮಾಡಿಕೊಂಡೇ ಹೋಗಿದ್ದರು, ಆದರೆ ತಮ್ಮ ಕೇರಿಯ ಅಲಂಕಾರ. ಶಾಲೆಗೆ ಹೋಗದ ಹೆಂಗಸು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿ ಮಾಡುತ್ತ, ಯಾವ ಬೀಜ ಯಾವಾಗ ಆರಿಸಬೇಕು, ಯಾವ ಮರ ತಾಯಿಮರ ಎಂದು ಕಣ್ಣಲ್ಲೇ ಗುರುತಿಸುವ ಮಟ್ಟಕ್ಕೆ ಬೆಳೆದರು. ಹೊಗಳುವುದಿದ್ದರೆ ಆ ತಿಳಿವಳಿಕೆಯನ್ನು ಹೊಗಳಬೇಕು. ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನಲ್ಲ.

ಡಾಲಿಯನ್ನು ನೋಡಿದರೆ ಇದಕ್ಕೆ ಪೂರಾ ಉಲ್ಟಾ. ಎತ್ತರದ ಹೊಂಬಣ್ಣದ ವಿಗ್, ಮಿಣಮಿಣ ಬಟ್ಟೆ, ಉದ್ದ ಉಗುರು. ಮುಖಕ್ಕೆ ಸರ್ಜರಿ ಮಾಡಿಸಿಕೊಂಡಿದ್ದನ್ನೂ ಮುಚ್ಚಿಟ್ಟಿಲ್ಲ. ಇಷ್ಟು ಅಗ್ಗವಾಗಿ ಕಾಣಲು ತುಂಬ ಖರ್ಚಾಗುತ್ತದೆ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಇಬ್ಬರೂ ಒಂದೇ ಥರದವರು. ಒಬ್ಬರು ರಾಷ್ಟ್ರಪತಿಗಳ ಎದುರಿಗೂ ಬದಲಾಗಲಿಲ್ಲ, ಇನ್ನೊಬ್ಬರು ಪಂಡಿತರ ಎದುರಿಗೂ ಬದಲಾಗಲಿಲ್ಲ.

ಬಡಿಗೇರಿಯ ಸುಕ್ರಿ ಬೊಮ್ಮ ಗೌಡ ಕೂಡ ಹಾಗೇ. ಸುಕ್ರಜ್ಜಿ ತಲೆಯಲ್ಲಿ ಸಾವಿರಾರು ಹಾಡು ಇಟ್ಟುಕೊಂಡಿದ್ದರು, ಅಕ್ಷರ ಗೊತ್ತಿರಲಿಲ್ಲ. ಮನೆಯಲ್ಲೇ ಕುಡಿತದ ಪೆಟ್ಟು ತಿಂದವರು, ಆಮೇಲೆ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತರು. 2017ರಲ್ಲಿ ಅವರಿಗೂ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ತುಳಸಿ ಗೌಡ ಹೋದರು, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ. ಎರಡು ತಿಂಗಳ ಒಳಗೆ ಅಂಕೋಲೆ ಇಬ್ಬರನ್ನೂ ಕಳೆದುಕೊಂಡಿತು. ದೂರದಲ್ಲಿದ್ದಾಗ ಇಂಥ ಸುದ್ದಿ ಫೋನಿನಲ್ಲಿ ಓದುವುದು ಬೇರೆಯೇ ಥರ, ಹೇಳಿಕೊಳ್ಳಲು ಸುತ್ತ ಯಾರೂ ಇರುವುದಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ ಹೀಗೇ ಆಯಿತು. ಇಲ್ಲಿನ ಗೆಳತಿಗೆ ಹೇಳಿದರೆ ಅವಳು 2016ರ ಕಾಡಿನ ಬೆಂಕಿಯ ಕತೆ ಹೇಳಿದಳು. ಗ್ಯಾಟ್ಲಿನ್‌ಬರ್ಗ್‌ನಲ್ಲಿ ನೂರಾರು ಮನೆ ಸುಟ್ಟು ಹೋದಾಗ ಡಾಲಿ ದೇಣಿಗೆ ಒಟ್ಟು ಮಾಡಿ, ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ ತಿಂಗಳಿಗೆ 1,000 ಡಾಲರ್‌ನಂತೆ ಆರು ತಿಂಗಳು ಕೊಡುತ್ತೇನೆ ಎಂದರು. ದುಡ್ಡು ಹೆಚ್ಚು ಬಂತು, ಕೊನೆಯ ಸಲ 5,000 ಕೊಟ್ಟರು. ಹೀಗೇ ಖರ್ಚು ಮಾಡಿ ಅಂತ ಯಾರಿಗೂ ಹೇಳಲಿಲ್ಲ. ನಾನು ಅವಳಿಗೆ ಈಶ್ವರ ಮಲ್ಪೆಯವರ ಬಗ್ಗೆ ಹೇಳಿದೆ. ಆ ಕೆಂಪು ನೀರಿನ ಗಂಗಾವಳಿ ಹೊಳೆಗೆ, ಆ ಸೆಳೆತದಲ್ಲಿ, ಸಂಬಳವಿಲ್ಲದೆ ಇಳಿದು ಕಾಣೆಯಾದವರನ್ನು ಹುಡುಕಿದ ಮನುಷ್ಯ. ಗಂಗಾವಳಿಯ ಮಳೆಗಾಲ ನೋಡಿದವರಿಗೆ ಮಾತ್ರ ಅದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

ಸಂಸಾರದ ವಿಷಯಕ್ಕೆ ಬಂದರೆ ಆಯಿಯದ್ದು ಮತ್ತೊಂದು ಪ್ರಶ್ನೆ, "ಅದಕ್ಕೆ ಎಷ್ಟು ಮಕ್ಕಳಡ?" ಮಕ್ಕಳಿಲ್ಲ ಎಂದೆ. ಗಂಡ ಕಾರ್ಲ್ ಡೀನ್ ರಸ್ತೆಗೆ ಡಾಂಬರು ಹಾಕಿಸುವ ಕೆಲಸ ಮಾಡಿಕೊಂಡಿದ್ದವರು. 1966ರಲ್ಲಿ ಮದುವೆ, 2025ರ ಮಾರ್ಚಿನಲ್ಲಿ ಅವರು ತೀರಿಕೊಳ್ಳುವ ತನಕ ಜೊತೆಗೇ ಇದ್ದರು. ಹೆಂಡತಿಯ ಜೊತೆ ಕ್ಯಾಮೆರಾ ಎದುರು ಬಂದದ್ದೇ ಅಪರೂಪ. ಅವರಿಗೆ ಅದು ಬೇಡವಾಗಿತ್ತು, ಇವರು ಎಳೆದು ತರಲಿಲ್ಲ. ಇಲ್ಲಿ ಕೆಲವರು ಮದುವೆಯ ದಿನವನ್ನೂ ಪ್ರಾಯೋಜಕರಿಗೆ ಮಾರುವ ಕಾಲದಲ್ಲಿ ಇದು ನನಗೆ ದೊಡ್ಡದಾಗಿ ಕಂಡಿತು. ಆಯಿ ಮಾತ್ರ ಮಕ್ಕಳ ವಿಷಯದಲ್ಲೇ ಇದ್ದಳು. ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರೆ ಊರ ಮಕ್ಕಳೆಲ್ಲಾ ಅದರ ಮಕ್ಕಳೇ ಆತು ಬಿಡು" ಎಂದಳು.

ಶಿರಸಿಯ ಭಾವನಿಗೆ ಇದ್ಯಾವುದೂ ಒಪ್ಪಿಗೆಯಾಗಲಿಲ್ಲ. ಕೋಟಿಗಟ್ಟಲೆ ಇದ್ದವರು ಕೊಡುವುದರಲ್ಲಿ ಏನು ದೊಡ್ಡದು, ಎಲ್ಲ ಟ್ಯಾಕ್ಸ್ ಉಳಿಸುವ ಲೆಕ್ಕ ಎಂದ. ಇರಬಹುದು. ಡಾಲಿ ವ್ಯವಹಾರದಲ್ಲಿ ಗಟ್ಟಿ ಹೆಂಗಸೇ. ಎಲ್ವಿಸ್ ಪ್ರೆಸ್ಲಿ ಇವರ ಹಾಡು ಹಾಡುತ್ತೇನೆ ಎಂದಾಗ ಅವನ ಮ್ಯಾನೇಜರ್ ಹಕ್ಕಿನಲ್ಲಿ ಅರ್ಧ ಕೇಳಿದ. ರಾತ್ರಿ ಎಲ್ಲ ಅತ್ತರಂತೆ, ಹಕ್ಕು ಮಾತ್ರ ಕೊಡಲಿಲ್ಲ. ಮುಂದೆ ಅದೇ ಹಾಡನ್ನು ವಿಟ್ನಿ ಹ್ಯೂಸ್ಟನ್ ಹಾಡಿ ಜಗತ್ತೇ ಕೇಳಿತು, ದುಡ್ಡು ಡಾಲಿಗೆ ಬಂತು. ತನ್ನದನ್ನು ಬಿಟ್ಟುಕೊಡದೆ ಇದ್ದದ್ದಕ್ಕೇ ಆಮೇಲೆ ಕೊಡಲು ಕೈಯಲ್ಲಿ ಇತ್ತು ಅನ್ನುವುದು ನನ್ನ ವಾದ. ಟ್ಯಾಕ್ಸ್ ಉಳಿಸುವವರು ಬೇಕಾದಷ್ಟಿದ್ದಾರೆ ಭಾವ, ಅವರಲ್ಲಿ ಎಷ್ಟು ಜನ ಪುಸ್ತಕ ಕಳಿಸಿದರು ಹೇಳು ಎಂದು ಬರೆದೆ. ಅದಕ್ಕೆ ಉತ್ತರ ಕೊಡಲಿಲ್ಲ, ಅವರ ಹಾಡಿನ ಲಿಂಕ್ ಕಳಿಸು ಎಂದ. ಕಳಿಸಿದೆ. ಧ್ವನಿ ಚೆನ್ನಾಗಿದೆ, ಬ್ಯಾಂಜೋ ಮಾತ್ರ ಚಂಡೆ ಎದುರು ನಿಲ್ಲಲಿಕ್ಕಿಲ್ಲ ಎಂದು ಮಾರನೇ ದಿನ ಬರೆದಿದ್ದಾನೆ.