ಹೊರರಾಜ್ಯದ ಎಲ್ಕ್ ಟ್ಯಾಗ್‌ಗೆ ಮೊದಲ ಸಲ ಅರ್ಜಿ ಹಾಕುವವರಿಗೆ

ಅಮೆರಿಕದ ಪಶ್ಚಿಮ ರಾಜ್ಯಗಳಿಗೆ ಹೊರಗಿನಿಂದ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುವವರು ರೈಫಲ್, ಬೂಟು, ಡೇರೆ ನೋಡುವ ಮೊದಲು ಡ್ರಾ, ಅಂದರೆ ಟ್ಯಾಗ್ (ಒಂದು ಪ್ರಾಣಿ ಹೊಡೆಯುವ ಪರವಾನಗಿ) ಹಂಚುವ ಲಾಟರಿ, ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳಬೇಕು. ಶರತ್ಕಾಲದ ಬೇಟೆಗೆ ಅರ್ಜಿ ಚಳಿಗಾಲದಲ್ಲೇ ಶುರು. ವಯೋಮಿಂಗ್, ಅರಿಜೋನಾಗಳ ಎಲ್ಕ್ ಅರ್ಜಿ ಫೆಬ್ರವರಿ ಆರಂಭದಲ್ಲೇ ಮುಗಿದುಹೋಗುತ್ತದೆ. ನ್ಯೂ ಮೆಕ್ಸಿಕೊದ್ದು ಮಾರ್ಚ್, ಮೊಂಟಾನಾದ್ದು ಏಪ್ರಿಲ್ 1. ಕೊಲೊರಾಡೊದ್ದು ಏಪ್ರಿಲ್ ಮೊದಲ ಮಂಗಳವಾರ ರಾತ್ರಿ 8 ಗಂಟೆ, ಅದೂ ಮೌಂಟನ್ ಸಮಯ.

ವರ್ಷದಿಂದ ವರ್ಷಕ್ಕೆ ಕೂಡಿಸಿಟ್ಟು ಟ್ಯಾಗ್ ಸಿಗುವ ಸಾಧ್ಯತೆ ಹೆಚ್ಚಿಸಿಕೊಳ್ಳುವ ಪಾಯಿಂಟ್‌ಗಳ ವ್ಯವಸ್ಥೆ ಎಲ್ಲ ಕಡೆ ಒಂದೇ ಅಲ್ಲ. ಪ್ರಿಫರೆನ್ಸ್ ಪಾಯಿಂಟ್ ಅಂದರೆ ಹಿರಿತನದ ಸಾಲು: ಹೆಚ್ಚು ಇದ್ದವರಿಗೇ ಮೊದಲು. ವಯೋಮಿಂಗ್ ಹೊರರಾಜ್ಯದವರ ಎಲ್ಕ್ ಟ್ಯಾಗ್‌ಗಳಲ್ಲಿ 75% ಹೀಗೆ ಕೊಟ್ಟು, ಉಳಿದ 25% ಪಾಯಿಂಟ್ ನೋಡದೆ ಚೀಟಿ ಎತ್ತಿ ಕೊಡುತ್ತದೆ. ಅರಿಜೋನಾದ ಬೋನಸ್ ಪಾಯಿಂಟ್ ಬೇರೆ ಥರ. ಅರ್ಜಿಗೊಂದು, ಜೊತೆಗೆ ಪ್ರತಿ ಪಾಯಿಂಟ್‌ಗೆ ಒಂದೊಂದು ಸಂಖ್ಯೆ ಸಿಗುತ್ತದೆ, ಅವುಗಳಲ್ಲಿ ಅತಿ ಚಿಕ್ಕದು ನಿಮ್ಮ ಲೆಕ್ಕಕ್ಕೆ; ಸಂಖ್ಯೆ ಚಿಕ್ಕದಿದ್ದಷ್ಟೂ ಸರದಿ ಮೊದಲು. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟೇ ಇಲ್ಲ. ಔಟ್‌ಫಿಟರ್ (ಬೇಟೆ ಏರ್ಪಡಿಸಿಕೊಡುವವರು) ಇಲ್ಲದ ಹೊರರಾಜ್ಯದವರಿಗೆ ಇರುವುದು 6% ಟ್ಯಾಗ್ ಮಾತ್ರ, ಆದರೆ ಇಪ್ಪತ್ತು ವರ್ಷದಿಂದ ಹಾಕುತ್ತಿರುವವರೂ ನೀವೂ ಅಲ್ಲಿ ಸಮ.

ನನ್ನ ಸಲಹೆ: ಮೊದಲ ವರ್ಷವೇ ಆರು ರಾಜ್ಯಗಳಿಗೆ ಹಾಕಬೇಡಿ. ಈ ವರ್ಷವೇ ಹೋಗಲು ಒಂದು ರಾಜ್ಯ, ಪಾಯಿಂಟ್ ಕೂಡಿಸಲು ಒಂದು. ಅಷ್ಟು ಸಾಕು.

ಕೊಲೊರಾಡೊ ಇವೆರಡಕ್ಕೂ ಆಗುತ್ತದೆ. ಅಲ್ಲಿನ ಅರ್ಜಿಯಲ್ಲಿ ಬರೆಯುವ ಹಂಟ್ ಕೋಡ್ ಒಂದನ್ನು ಬಿಡಿಸಿ ನೋಡಿ: ಇ-ಎಂ-061-ಒ1-ಆರ್. ಇ ಅಂದರೆ ಎಲ್ಕ್, ಎಂ ಅಂದರೆ ಗಂಡು, 061 ಯೂನಿಟ್ (ಬೇಟೆಯ ವಲಯ), ಒ1 ಮೊದಲ ರೈಫಲ್ ಸೀಸನ್, ಆರ್ ರೈಫಲ್. ಎಂ ಇರಬೇಕಾದಲ್ಲಿ ಎಫ್ ಬಿದ್ದರೆ ಕೈಗೆ ಬರುವುದು ಹೆಣ್ಣು ಎಲ್ಕ್ ಟ್ಯಾಗ್. ಸದ್ಯದ ನಿಯಮದಲ್ಲಿ ಪಾಯಿಂಟ್ ಖರ್ಚಾಗುವುದು ಮೊದಲ ಆಯ್ಕೆಗೆ ಮಾತ್ರ. ಹಾಗಾಗಿ ಮೊದಲ ಆಯ್ಕೆಯಲ್ಲಿ ಬರೀ ಪಾಯಿಂಟ್ ಕೇಳುವ ಕೋಡ್ ಇ-ಪಿ-999-99-ಪಿ ಹಾಕಿ, ಎರಡನೆಯದರಲ್ಲಿ ಬೇಡಿಕೆ ಕಡಿಮೆಯಿರುವ ಯೂನಿಟ್ ಹಾಕಿದರೆ, ಟ್ಯಾಗೂ ಬರಬಹುದು, ಪಾಯಿಂಟೂ ಉಳಿಯುತ್ತದೆ. ಹಿಂದಿನ ವರ್ಷದ ಡ್ರಾ ವರದಿ ಕೊಲೊರಾಡೊ ವನ್ಯಜೀವಿ ಇಲಾಖೆಯ ಸೈಟಿನಲ್ಲೇ ಸಿಗುತ್ತದೆ. ಎರಡನೇ ಆಯ್ಕೆಯಲ್ಲಿ ಹೊರರಾಜ್ಯದವರಿಗೆ ಟ್ಯಾಗ್ ಸಿಕ್ಕಿದೆಯೇ ಅಂತ ಅದರಲ್ಲಿ ನೋಡಿಯೇ ಯೂನಿಟ್ ಆರಿಸಿ. ಅರ್ಜಿಗೆ ಮೊದಲು ಅರ್ಹತಾ ಲೈಸೆನ್ಸ್ ಒಂದನ್ನು, ಉದಾಹರಣೆಗೆ ಸಣ್ಣ ಪ್ರಾಣಿಗಳ ಬೇಟೆಯ ವಾರ್ಷಿಕ ಲೈಸೆನ್ಸನ್ನು, ಕೊಂಡಿರಬೇಕು.

ಗೆಳೆಯರು ಗುಂಪಾಗಿ ಹಾಕುವುದಾದರೆ ಎಚ್ಚರ. ಕೊಲೊರಾಡೊ ಗುಂಪಿನಲ್ಲಿ ಅತಿ ಕಡಿಮೆ ಇರುವವರ ಪಾಯಿಂಟನ್ನೇ ಎಲ್ಲರಿಗೂ ಹಿಡಿಯುತ್ತದೆ, ವಯೋಮಿಂಗ್ ಸರಾಸರಿ ತೆಗೆಯುತ್ತದೆ. ಹೊಸಬರನ್ನು ಸೇರಿಸಿಕೊಂಡ ಹಳಬರಿಗೆ ನಷ್ಟ ಎರಡು ಕಡೆಯೂ ಇದೆ, ಆದರೆ ಒಂದೇ ಅಳತೆಯದ್ದಲ್ಲ.

ದುಡ್ಡಿನ ಲೆಕ್ಕವನ್ನೂ ಮೊದಲೇ ಮಾಡಿ. ವಯೋಮಿಂಗ್, ನ್ಯೂ ಮೆಕ್ಸಿಕೊ ಅರ್ಜಿಯ ಜೊತೆಗೇ ಟ್ಯಾಗ್‌ನ ಪೂರ್ತಿ ಬೆಲೆ ಹಿಡಿಯುತ್ತವೆ. ಸಿಗದಿದ್ದರೆ ವಾಪಸ್ ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ವಯೋಮಿಂಗ್ ಫಲಿತಾಂಶ ಬರುವುದು ಮೇ ತಿಂಗಳಲ್ಲಿ, ಅಲ್ಲಿಯವರೆಗೆ ಆ ಹಣ ನಿಮ್ಮದಲ್ಲ ಅಂದುಕೊಳ್ಳಿ. ಕೊಲೊರಾಡೊ ಟ್ಯಾಗ್ ಬೆಲೆಯನ್ನು ಡ್ರಾ ಆದಮೇಲೆ ಕಾರ್ಡಿನಿಂದ ತೆಗೆಯುತ್ತದೆ. ನಡುವೆ ಕಾರ್ಡಿನ ಅವಧಿ ಮುಗಿದಿದ್ದು, ಗಡುವಿನೊಳಗೆ ಬೇರೆ ದಾರಿಯಲ್ಲಿ ಕಟ್ಟದಿದ್ದರೆ ಟ್ಯಾಗ್ ಕೈತಪ್ಪುತ್ತದೆ. ಹಂಟರ್ ಎಜುಕೇಶನ್ (ಬೇಟೆ ಸುರಕ್ಷತೆಯ ತರಬೇತಿ) ಪ್ರಮಾಣಪತ್ರದ ಸಂಖ್ಯೆಯನ್ನೂ ಮುಂಚೆಯೇ ಹುಡುಕಿಟ್ಟುಕೊಳ್ಳಿ, ಕೊನೇ ರಾತ್ರಿ ಹಳೇ ಕಾರ್ಡ್ ಸಿಗುವುದಿಲ್ಲ.

ವಯೋಮಿಂಗ್ ಡ್ರಾ ವರದಿ ನೋಡುವಾಗ ಕೆಲವು ಯೂನಿಟ್‌ಗಳಲ್ಲಿ ಟ್ಯಾಗ್ ತೀರ ಸುಲಭವಾಗಿ ಸಿಗುವಂತೆ ಕಾಣುತ್ತದೆ. ಆಗ ಮೊದಲು ನಕ್ಷೆ ತೆರೆದು ವೈಲ್ಡರ್‌ನೆಸ್ (ಕಾನೂನಿನಿಂದ ಕಾಯ್ದಿಟ್ಟ ಕಾಡು ಪ್ರದೇಶ) ಗಡಿ ನೋಡಿ. ಅಲ್ಲಿನ ಕಾನೂನಿನಂತೆ ಫೆಡರಲ್ ವೈಲ್ಡರ್‌ನೆಸ್ ಒಳಗೆ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಯಾಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಬೇಕು, ಇಲ್ಲವೇ ಅದಕ್ಕೆಂದೇ ಅನುಮತಿ ಪಡೆದ ಸ್ಥಳೀಯರು ಜೊತೆಗಿರಬೇಕು. ಯೂನಿಟ್‌ನ ಬಹುಪಾಲು ವೈಲ್ಡರ್‌ನೆಸ್ ಆಗಿದ್ದು ಗೈಡ್‌ಗೆ ದುಡ್ಡಿಲ್ಲದಿದ್ದರೆ, ಆ ಯೂನಿಟನ್ನು ಬಿಟ್ಟು ಬೇರೆಯದು ನೋಡಿ.